ಪಗಾರ ಕೊಟ್ಟ ಆಟ

ಗಜೇಂದ್ರಗಡದ ಕಾಲೇಜಿನಲ್ಲಿ ಓದುವಾಗ ನಾನು ಬೇಸ್‌ಬಾಲ್ ಆಡಲು ಶುರುಮಾಡಿದೆ. ದೂರ ಎಸೆಯುತ್ತೇನೆಂದು ಆಟದ ಮಾಸ್ತರರು ನನ್ನನ್ನು ಮೈದಾನದ ಹಿಂಭಾಗಕ್ಕೆ, ಎಡಗಡೆ ನಿಲ್ಲಿಸಿದರು. ಹೊಡೆದ ಚೆಂಡು ಇತ್ತ ಬಂದರೆ ಓಡಿ ಹಿಡಿಯುವುದು, ಬಾರದಿದ್ದರೆ ಕಾಯುವುದು. ಉಳಿದವರಿಗೆ ಅದು ಬೇಸರದ ಜಾಗ. ನನಗೋ ಅಲ್ಲಿ ನಿಂತರೆ ಇಡೀ ಆಟ ಕಣ್ಣಮುಂದೆ ಹರಡಿಕೊಳ್ಳುತ್ತಿತ್ತು.

ಡಿಗ್ರಿ ಮುಗಿದ ವರ್ಷ ಪುಣೆಯಲ್ಲಿ ಹೆಣ್ಣುಮಕ್ಕಳ ಹೊಸ ಬೇಸ್‌ಬಾಲ್ ತಂಡವೊಂದು ಹುಟ್ಟಿತು, ನನ್ನನ್ನೂ ಆರಿಸಿಕೊಂಡರು. ಆಡುವುದಕ್ಕೆ ತಿಂಗಳ ಪಗಾರ. ರಾಜೂರಿನ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

"ಆಟಕ್ಕ ಯಾರ್ ಪಗಾರ ಕೊಡ್ತಾರ? ಖರೇ ಹೇಳು, ಅಲ್ಲಿ ಏನ್ ಕೆಲಸ?" ಎಂದ ಅಪ್ಪ, ಹೊರಡುವ ದಿನ ತಾನೇ ಚೀಲ ಹೊತ್ತು ಬಂದು ಬಸ್ಸು ಹತ್ತಿಸಿದ.

ಅಲ್ಲಿ ನನ್ನ ಪಕ್ಕಕ್ಕೆ, ಹಿಂಭಾಗದ ನಡುವೆ, ಕೇರಳದ ಹುಡುಗಿಯೊಬ್ಬಳು ನಿಲ್ಲುತ್ತಿದ್ದಳು. ಇಬ್ಬರ ಮಧ್ಯೆ ಚೆಂಡು ಬಂದಾಗ ಡಿಕ್ಕಿಯಾಗದಿರಲು ಒಬ್ಬರು ಕೂಗಬೇಕು. ನಾನು "ನಂದು!" ಎನ್ನುತ್ತಿದ್ದೆ. ಕ್ರಮೇಣ ಅವಳೂ "ನಂದು!" ಎನ್ನತೊಡಗಿದಳು. ಅವಳಿಗೆ ಬರುತ್ತಿದ್ದ ಕನ್ನಡ ಅದೊಂದೇ. ದಿನವಿಡೀ ಎಸೆದೂ ಎಸೆದೂ ನೋಯುವ ಭುಜಕ್ಕೆ ರಾತ್ರಿ ಒಬ್ಬರಿಗೊಬ್ಬರು ಎಣ್ಣೆ ತಿಕ್ಕುತ್ತಿದ್ದೆವು.

ಎರಡನೇ ವರ್ಷದ ಆಟದ ಹಂಗಾಮು ಅರ್ಧಕ್ಕೆ ನಿಂತಿತು. ಒಂದು ಮಧ್ಯಾಹ್ನ ಮ್ಯಾನೇಜರು ಊಟದ ಕೋಣೆಗೆ ಬಂದು, ನೋಡಲು ಜನ ಬರುತ್ತಿಲ್ಲ, ತಂಡ ಮುಚ್ಚುತ್ತಿದ್ದೇವೆ ಎಂದರು. ಅನ್ನ ಕಲಸುತ್ತಿದ್ದ ಕೇರಳದ ಹುಡುಗಿಯ ಕೈ ಹಾಗೇ ನಿಂತಿತು. ಅಂದು ಸಂಜೆಯೇ ಬೇರೆ ಬೇರೆ ರೈಲು ಹತ್ತಿದೆವು.

ಊರಿಗೆ ಬಂದು ಸುಮ್ಮನೆ ಕೂತಿದ್ದ ನನ್ನನ್ನು ನೋಡಿ ಅಪ್ಪ ಒಂದು ದಿನ, "ಅಲ್ಲಿ ಏನ್ ಮಾಡ್ತಿದ್ದಿ, ನನಗೂ ತೋರ್ಸವಾ" ಎಂದ. ಬ್ಯಾಟು, ಚೆಂಡು ಹಿಡಿದು, ಅಣ್ಣನನ್ನೂ ಕರೆದುಕೊಂಡು ಕಡಲೆ ಕಿತ್ತ ಹೊಲಕ್ಕೆ ಹೋದೆವು. ಅಣ್ಣ ಬ್ಯಾಟು ಬೀಸಿದ. ನಾನು ಬೆನ್ನು ತಿರುಗಿಸಿ ಓಡಿ, ಹೆಗಲ ಮೇಲಿಂದ ಇಳಿದ ಚೆಂಡನ್ನು ಹಿಡಿದೆ. ಬದುವಿನ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತ.

"ಅಲ್ಲೇ ಬೀಳ್ತದಂತ ಹ್ಯಾಂಗ ಗೊತ್ತಾತು?"

"ಹೊಡೆದ ಸಪ್ಪಳದ ಮ್ಯಾಲೇ ತಿಳೀತದಪ್ಪಾ."

"ಇನ್ನೊಮ್ಮೆ ಹೊಡಿಯೋ," ಎಂದು ಅಪ್ಪ ಅಣ್ಣನಿಗೆ ಹೇಳಿದ. ಚೆಂಡು ಕಾಣದಷ್ಟು ಮಬ್ಬಾಗುವವರೆಗೂ ಬಿಡಲಿಲ್ಲ. ಮನೆಗೆ ನಡೆಯುವಾಗ ಮೆಲ್ಲಗೆ ಕೇಳಿದ: "ಮತ್ತ ಕರೀತಾರೇನ?"

"ಕರೀಬಹುದು," ಎಂದೆ. ನಾನೂ ಹಾಗೇ ನಂಬಿದ್ದೆ.

ಯಾರೂ ಕರೆಯಲಿಲ್ಲ. ಈಗ ನಾನು ಕೊಣ್ಣೂರಿನ ಸೊಸೆ. ನರಗುಂದದ ಶಾಲೆಯೊಂದರಲ್ಲಿ ಮಕ್ಕಳಿಗೆ ಖೋಖೋ, ಕಬಡ್ಡಿ ಆಡಿಸುತ್ತೇನೆ. ಚಲೋ ಕೆಲಸವೇ. ಆದರೆ ಮೈದಾನದ ಗೋಡೆ ಹತ್ತಿರ. ಯಾವ ಚೆಂಡೂ ಎತ್ತರಕ್ಕೆ ಹೋಗಿ ಒಂದಿಷ್ಟು ಹೊತ್ತು ಅಲ್ಲೇ ನಿಂತಂತೆ ಕಾಣುವುದಿಲ್ಲ. ಕೆಲವು ಸಲ ಹುಡುಗಿಯರು ಆಡುತ್ತಿರುವಾಗ ನಾನು ಬರಿದೇ ಆಕಾಶ ನೋಡುತ್ತಿರುತ್ತೇನೆ.

ಕಳೆದ ಮಳೆಗಾಲ ಹೊಳೆ ಏರಿ ರಸ್ತೆ ಬಂದಾದ ದಿನ, ಕೇರಳದಿಂದ ಅವಳ ಫೋನು ಬಂತು. ಅವಳೂ ಆಟ ಬಿಟ್ಟಿದ್ದಾಳೆ. ಹರಕುಮುರುಕು ಹಿಂದಿಯಲ್ಲಿ ಮಕ್ಕಳು, ಮನೆ, ಮಳೆ ಎಲ್ಲ ಮಾತಾಡಿ, ಕಡೆಗೆ ನಿನ್ನ ಭುಜ ಇನ್ನೂ ನೋಯುತ್ತದೆಯೇ ಎಂದು ಕೇಳಿದಳು. ಆ ನೋವು ಹೋಗಿ ಎಷ್ಟೋ ವರ್ಷವಾಗಿದೆ. ನೋಯುತ್ತದೆ ಎಂದೆ.

ತನ್ನದೂ ಹಾಗೇ ಎಂದಳು.