ಹಿಂದಿನ ಗಾಜಿನ ಮೇಲಿನ ಹೆಸರು

ಎರಡನೇ ಕಾರು ಹುಡುಕುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ನಮ್ಮ ಓಣಿಯಲ್ಲಿ ಕೆಲವರಿಗೆ ನಿದ್ದೆ ಹಾರಿಹೋಯಿತು. "ಇದ್ದದ್ದೊಂದು ಸಾಲಂಗಿಲ್ಲೇನ್ರಿ? ಗಂಡಗ ಒಂದು, ಹೆಂಡತಿಗೊಂದು, ನಾಳೆ ಕೂಸಿಗೂ ಒಂದು ತರ್ರಿ" ಎಂದು ಕಟ್ಟೆಯ ಮೇಲೆ ಕೂತವರೊಬ್ಬರು ನಕ್ಕರು. ತರತೀವ್ರಿ, ಜಾಗ ಇದ್ದರ ನಿಮ್ಮ ಮನಿ ಮುಂದ ಹಚ್ಚತೀವಿ, ಎಂದೆ.

ನಮ್ಮ ಮನೆ ಚಿಂಚೋಳಿಯಲ್ಲಿ. ಗಂಡ ಸೇಡಂನ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಇದ್ದ ಒಂದು ಕಾರು ಅವರ ಜೊತೆ ಆ ಕಡೆ ಹೋಗುತ್ತದೆ. ನಾನು ನರ್ಸು. ನನ್ನ ಡ್ಯೂಟಿ ಇರುವುದು ಈ ಕಡೆ, ಚಿಮ್ಮನಚೋಡ ದಾಟಿ ಒಳಗಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ನಾನು ಇನ್ನೂ ಕೆಲಸ ಮಾಡಬೇಕು. ಐದು ವರ್ಷದ ಮಗಳನ್ನು ಅದೇ ಊರಿನ ಸರಕಾರಿ ಶಾಲೆಗೆ ಹಾಕಿದ್ದೆವು, ನನ್ನ ಜೊತೆಗೇ ಬಂದು ನನ್ನ ಜೊತೆಗೇ ಹೋಗಲಿ ಎಂದು. ಮೊಲೆಹಾಲು ಬಿಡದ ಮಗ ಮನೆಯಲ್ಲಿ ಅತ್ತೆಯ ಹತ್ತಿರ. ಸಂಜೆಯ ಬಸ್ಸು ತಪ್ಪಿತೆಂದರೆ ಟಂಟಂ ಆಟೊ ಕಾಯಬೇಕು, ಟಂಟಂ ತುಂಬುವವರೆಗೆ ಅದು ಹೊರಡುವುದಿಲ್ಲ. ಮನೆ ಮುಟ್ಟುವಷ್ಟರಲ್ಲಿ ಮಗ ಅತ್ತು ಅತ್ತು ಸುಸ್ತಾಗಿರುತ್ತಿದ್ದ, ನನ್ನ ಕುಪ್ಪಸ ಹಾಲಿನಿಂದ ತೊಯ್ದಿರುತ್ತಿತ್ತು. ಇದನ್ನು ಕಟ್ಟೆಯವರಿಗೆ ಯಾಕೆ ಹೇಳಬೇಕು?

ರವಿವಾರ ಬಂದರೆ ಕಾರು ನೋಡಲು ಹೋಗುವುದೇ ಕೆಲಸವಾಯಿತು. ಶಹಾಬಾದಿನಲ್ಲಿ ನೋಡಿದ್ದು ಹೊರಗಿನಿಂದ ಮಿರಮಿರ ಮಿಂಚುತ್ತಿತ್ತು. ಹಿಂದಿನ ಸೀಟು ಎತ್ತಿದರೆ ಅಡಿಯಲ್ಲಿ ಕಲ್ಲಿನ ಪುಡಿ. ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿ ಹೇರಿ ಹಿಂಬದಿ ಕುಸಿದುಹೋಗಿತ್ತು. ಮಾರುವವನು ಎಂಜಿನ್, ಟೈರು, ಮೈಲೇಜು ಎಲ್ಲವನ್ನೂ ನನ್ನ ಗಂಡನಿಗೆ ವಿವರಿಸಿ ಕೊನೆಗೆ, "ಮ್ಯಾಡಮ್‌ಗೆ ಕಲರ್ ಪಸಂದ್ ಬಂತೇನು ಕೇಳ್ರಿ ಸರ್" ಎಂದ.

"ನನಗೂ ಕಿವಿ ಅದಾವ್ರಿ. ಗಾಡಿ ಓಡಸಾಕಿ ನಾನ. ನನ್ನ ಕೇಳ್ರಿ" ಎಂದೆ.

ಆಗಲೂ ಅವನು ನನ್ನ ಗಂಡನನ್ನೇ ನೋಡಿ ನಕ್ಕ. ಅಲ್ಲಿಂದ ಎದ್ದು ಬಂದೆವು.

ವಾಡಿಯಲ್ಲಿ ನೋಡಿದ ಕಾರಿನ ಬಾಗಿಲ ಸಂದಿಯಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಕೂತು, ಮಳೆ ನೀರು ಕುಡಿದು, ಗಟ್ಟಿಯಾಗಿ ಗಾಜು ಅರ್ಧಕ್ಕೇ ನಿಲ್ಲುತ್ತಿತ್ತು. ಚಿತ್ತಾಪುರದ್ದು ಎಂಜಿನ್ ಚೆನ್ನಾಗಿತ್ತು, ಆದರೆ ಹಿಂದಿನ ಸೀಟಿನ ಬೆಲ್ಟುಗಳನ್ನು ಯಾರೋ ಕೊಯ್ದು ತೆಗೆದಿದ್ದರು. ಮಕ್ಕಳನ್ನು ಕೂರಿಸುವ ಗಾಡಿಗೆ ಬೆಲ್ಟೇ ಇಲ್ಲ ಎಂದರೆ ಎಂಜಿನ್ ಕಟ್ಟಿಕೊಂಡು ಏನು ಮಾಡಲಿ. ತೆಲಂಗಾಣದ ನಂಬರಿನ ಗಾಡಿಗಳು ಅಗ್ಗವಿದ್ದವು. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು ಎಂದು ತಿಳಿದ ಮೇಲೆ ಅಗ್ಗದ ಮಾತು ಅಲ್ಲಿಗೇ ಮುಗಿಯಿತು.

ಕೊನೆಗೆ ಸಿಕ್ಕಿದ್ದು ನಮ್ಮ ಚಿಂಚೋಳಿಯಲ್ಲೇ. ಬಿಳಿ ಬಣ್ಣದ ಸಣ್ಣ ಕಾರು. ದೊಡ್ಡ ಮನೆತನದ ಹಿರಿಯರೊಬ್ಬರು ಹೊಲಕ್ಕೆ, ಪೇಟೆಗೆ ಎಂದು ಇಟ್ಟುಕೊಂಡಿದ್ದರು. ಕಣ್ಣು ಮಂದವಾಯಿತೆಂದು ಓಡಿಸುವುದು ಬಿಟ್ಟಿದ್ದರು. ಮಗಳನ್ನು ಹಿಂದೆ ಕೂರಿಸಿ, ಬೆಲ್ಟು ಹಾಕಿ, ನಾನೇ ಓಡಿಸಿದೆ. ಕ್ಲಚ್ ಮೆತ್ತಗಿತ್ತು, ತಗ್ಗಿನಲ್ಲಿ ಇಳಿಸಿದರೆ ತಳ ತಾಗಲಿಲ್ಲ. ಬೆಲೆಯೂ ನಮ್ಮ ಕೈಗೆ ಎಟಕುವಷ್ಟಿತ್ತು. ಇದೇ ಇರಲಿ ಎಂದೆ.

ಆಮೇಲೆ ಹಿಂದೆ ಹೋಗಿ ನೋಡಿದೆ. ಹಿಂದಿನ ಗಾಜಿನ ತುಂಬ, ಈ ಕೊನೆಯಿಂದ ಆ ಕೊನೆಗೆ, ಆ ಮನೆತನದ ಹೆಸರನ್ನು ದಪ್ಪ ಅಕ್ಷರದಲ್ಲಿ ಅಂಟಿಸಿದ್ದರು. ಈ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಹೆಸರು.

"ಇದನ್ನ ತಗದು ಕೊಡ್ರಿ" ಎಂದು ಕಾರು ಕೊಡಿಸುತ್ತಿದ್ದ ಏಜೆಂಟನಿಗೆ ಹೇಳಿದೆ.

ಅವನಿಗೆ ನಾವು ಯಾರು ಎಂಬುದು ಗೊತ್ತಿತ್ತು. ದನಿ ಇಳಿಸಿ ಹೇಳಿದ: "ನನ್ನ ಮಾತು ಕೇಳ್ರಿ ಮ್ಯಾಡಮ್. ಅದು ಇರ್ಲಿ. ನೀವು ಒಬ್ರ ಆ ಹಳ್ಳಿ ಕಡಿ ಹೋಗೋರು. ಆ ಹೆಸ್ರು ಕಂಡ್ರ ಗಾಡಿ ಯಾರೂ ತಡಿಯಂಗಿಲ್ಲ. ಮಂದಿ ದಾರಿ ಬಿಡತಾರ."

ನಾವು ಬೌದ್ಧರು. ನಮ್ಮ ಮೊದಲ ಕಾರಿನ ಗಾಜಿನ ಮೇಲೆ ನೀಲಿ ಧಮ್ಮಚಕ್ರ ಇದೆ. ಒಮ್ಮೆ ಯಾವುದೋ ಊರಲ್ಲಿ ಮದುವೆಗೆಂದು ನಿಲ್ಲಿಸಿದಾಗ ಅದರ ಪಕ್ಕದಿಂದ ಬಾಗಿಲವರೆಗೆ ಯಾರೋ ಕಲ್ಲಿನಿಂದ ಗೀರಿದ್ದರು. ನನ್ನ ಗಂಡ ಆ ಗೀರನ್ನು ಮರೆತಿರಲಿಲ್ಲ. "ಆರ್‌ಸಿ ನಿನ್ನ ಹೆಸರಿಗಿ ಬರೋತನ ಇರ್ಲಿ. ನೀ ಒಬ್ಬಾಕಿ ಹೋಗಾಕಿ, ಜೋಡಿ ಕೂಸು ಬ್ಯಾರೆ" ಎಂದರು. ಅವರು ಹೆದರಿದ್ದು ತಮಗಾಗಿ ಅಲ್ಲ ಎಂದು ಗೊತ್ತಿದ್ದರಿಂದ ಸುಮ್ಮನಾದೆ. ಸುಮ್ಮನಾದೆ ಅಷ್ಟೇ, ಒಪ್ಪಿರಲಿಲ್ಲ.

ಏಜೆಂಟ್ ಹೇಳಿದ್ದು ಸುಳ್ಳಾಗಲಿಲ್ಲ. ನನ್ನ ಉಪಕೇಂದ್ರದ ಎದುರಿಗೇ ಒಂದು ದೊಡ್ಡ ಮನೆ. ಅಲ್ಲಿನ ಹಿರಿಯ ಹೆಣ್ಣುಮಗಳು ನಾನು ಬಸ್ಸಿನಲ್ಲಿ ಬರುತ್ತಿದ್ದ ದಿನಗಳಲ್ಲೂ ಒಮ್ಮೊಮ್ಮೆ ಚಹಾ ಕೊಡುತ್ತಿದ್ದರು, ಗೇಟಿನ ಮೇಲಿಂದ, ಕಾಗದದ ಕಪ್ಪಿನಲ್ಲಿ; ನಾನು ಯಾರೆಂದು ಕೇಳಿರಲಿಲ್ಲ. ಕಾರು ಬಂದ ಮೇಲೆ ಗೇಟೇ ತೆರೆಯಿತು.

"ಗಾಡಿ ಬಿಸಿಲಾಗ ಯಾಕ ನಿಲ್ಲಸೀರಿ? ನಮ್ಮ ಅಂಗಳದಾಗ ಬೇವಿನ ಗಿಡದ ನೆಳ್ಳದ, ಅಲ್ಲಿ ಹಚ್ರಿ" ಎಂದರು. ಚಹಾ ಸ್ಟೀಲಿನ ಲೋಟದಲ್ಲಿ ಬರತೊಡಗಿತು. ಮಧ್ಯಾಹ್ನ ಶಾಲೆ ಬಿಟ್ಟರೆ ನನ್ನ ಮಗಳು ಅವರ ಮನೆಗೇ ಓಡುತ್ತಿದ್ದಳು. ಫ್ಯಾನಿನ ಕೆಳಗೆ ಹಾಲು ರೊಟ್ಟಿ ತಿಂದು, ಅವರ ಮೊಮ್ಮಕ್ಕಳ ಜೊತೆ ಆಡಿ, ನನ್ನ ಡ್ಯೂಟಿ ಮುಗಿಯುವ ತನಕ ನಿದ್ದೆ ಮಾಡುತ್ತಿದ್ದಳು. ನನಗೆ ಎಷ್ಟು ನಿರಾಳವಾಯಿತೆಂದರೆ, ಮನುಷ್ಯರು ನಿಧಾನಕ್ಕೆ ಒಳ್ಳೆಯವರಾಗುತ್ತಾರೆ ಎಂದೇ ನಂಬಿಬಿಟ್ಟೆ.

ಒಂದು ಸಂಜೆ ಚಿಮ್ಮನಚೋಡದ ಹತ್ತಿರ ಬಂದಾಗ ಮಗಳು ಹಿಂದಿನ ಸೀಟಿನಿಂದ ಆ ಗಾಜಿನ ಮೇಲಿನ ಹೆಸರು ಹೇಳಿ, "ಮಮ್ಮಿ, ನಾವು ಅವ್ರೇ ಅಲ್ಲಾ?" ಎಂದು ಕೇಳಿದಳು.

"ಯಾರು ಹೇಳಿದ್ರು?"

"ಅಜ್ಜಿ ಕೇಳಿದ್ರು, ನೀವು ಯಾರ ಪೈಕಿ ಅಂತ. ಗಾಡಿ ಮ್ಯಾಲ ಬರದದ್ದು ನಿಮ್ಮ ಹೆಸರೇನು ಅಂದ್ರು. ನಾ ಹೂಂ ಅಂದೆ. ಅಜ್ಜಿ ಉಂಡಿ ಕೊಟ್ರು."

ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಸಿಟ್ಟು ಬಂದಿತ್ತು. ಮಗಳ ಮೇಲಲ್ಲ. ಯಾರ ಪೈಕಿ ಎಂಬ ಆ ಪ್ರಶ್ನೆಯನ್ನು ನನಗೆ ಹಾಸ್ಟೆಲಿನಲ್ಲಿ ಕೇಳಿದ್ದಾರೆ, ಬಾಡಿಗೆ ಮನೆ ಹುಡುಕುವಾಗ ಕೇಳಿದ್ದಾರೆ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳು ನನ್ನ ಕೈ ಹಿಡಿಯುವ ಮುಂಚೆ ಕೇಳಿದ್ದಾಳೆ. ಪ್ರತಿ ಸಲ ತಲೆ ಎತ್ತಿ ಉತ್ತರ ಕೊಟ್ಟಿದ್ದೇನೆ. ನನ್ನ ಮಗಳು ಮೊದಲನೇ ಸಲ ಕೊಟ್ಟ ಉತ್ತರ ಇನ್ನೊಬ್ಬರ ಹೆಸರು, ಅದಕ್ಕೆ ಅವಳಿಗೆ ಸಿಕ್ಕಿದ್ದು ಒಂದು ಸಿಹಿ ಉಂಡಿ. ಇದು ಅವಳಿಗೆ ರೂಢಿಯಾದರೆ ನಾನು ಓದಿದ್ದು, ದುಡಿದದ್ದು ಎಲ್ಲ ಮಣ್ಣುಪಾಲು ಎನ್ನಿಸಿತು.

ಮನೆಗೆ ಬಂದವಳೇ ಮಗನಿಗೆ ಹಾಲು ಕುಡಿಸಿ, ಬಿಸಿನೀರು, ಬ್ಲೇಡು ತಗೊಂಡು ಅಂಗಳಕ್ಕೆ ಬಂದೆ. ಮೊದಲ ಅಕ್ಷರ ಕೆರೆಯುವಾಗ ಗಂಡ ಹೊರಗೆ ಬಂದರು.

"ಆರ್‌ಸಿ ಇನ್ನಾ ಬಂದಿಲ್ಲಲಾ?"

"ಆರ್‌ಸಿ ಬರೋದ್ರಾಗ ಕೂಸಿನ ಹೆಸರು ಹೋಗತದ್ರಿ."

ನಡೆದದ್ದು ಹೇಳಿದೆ. ಅವರು ಗಾಜಿನ ಹತ್ತಿರ ಬಂದು ಕೆರೆದ ಜಾಗ ನೋಡಿದರು. ಕೊನೆಗೆ, "ಆಯ್ತು. ಆದ್ರ ಮಧ್ಯಾಹ್ನದಾಗ ಕೂಸು ಎಲ್ಲಿ ಇರಬೇಕು? ಆ ಮನ್ಯಾಗ ಇನ್ನ ಕರಕೊಳ್ಳಂಗಿಲ್ಲ" ಎಂದರು.

"ನನ್ನ ಜೋಡಿ ಇರ್ತಾಳ. ಬೆಂಚಿನ ಮ್ಯಾಲ ಮಲಗತಾಳ."

ಅವರು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು ಆ ಕೊನೆಯಿಂದ ಕೆರೆಯತೊಡಗಿದರು. ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ, "ಆ ಮೂಲ್ಯಾಗ ಇನ್ನಾ ಒಂದು ಒತ್ತು ಉಳದದ ನೋಡ್ರಿ" ಎಂದರು. ಅದನ್ನೂ ಕೆರೆದೆವು.

ಮರುದಿನ ಕಾರನ್ನು ಅವರ ಅಂಗಳಕ್ಕೆ ಒಯ್ಯದೆ ರಸ್ತೆಯಲ್ಲೇ ನಿಲ್ಲಿಸಿ, ಗೇಟಿನ ಹತ್ತಿರ ಹೋಗಿ ನಿಂತೆ. ತಾವಾಗಿ ಕಂಡುಹಿಡಿಯಲಿ ಎಂದು ಬಿಡುವುದು ನನಗೆ ಬೇಡವಾಗಿತ್ತು.

"ಅವ್ವಾರ, ಗಾಡಿ ನಾವು ಆ ಮನಿಯವ್ರ ಕಡಿಂದ ಕೊಂಡದ್ದು. ಆ ಹೆಸರು ನಮ್ದಲ್ಲ. ಕೂಸು ತಿಳೀಲಾರದ ಹೇಳ್ಯಾಳ. ನಾವು ಬೌದ್ಧರು."

"ಹಂಗೇನು" ಎಂದರು. ಕಣ್ಣು ಒಮ್ಮೆ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಸ್ಟೀಲಿನ ಲೋಟದ ಕಡೆ ಹೋಗಿ ಬಂತು.

ಮಧ್ಯಾಹ್ನ ಗೇಟಿಗೆ ಚಿಲಕ ಬಿದ್ದಿತ್ತು. ಮಗಳು ಪಾಟಿಚೀಲ ಹೊತ್ತು ಅಲ್ಲಿ ನಿಂತು ಅಜ್ಜಿ, ಅಜ್ಜಿ ಎಂದು ಕರೆಯುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಬಾಣಂತಿಯೊಬ್ಬಳ ಕೂಸಿಗೆ ಲಸಿಕೆ ಹಾಕುತ್ತಿದ್ದೆ. ಹಾಕಿ ಮುಗಿಸಿ ಹೋಗಿ ಕರೆದುಕೊಂಡು ಬಂದೆ.

"ಅಜ್ಜಿ ಮಲಕೊಂಡಾರೇನು?" ಎಂದಳು.

ಹೌದು ಎಂದಿದ್ದರೆ ಆ ದಿನ ಸರಳವಾಗಿ ಕಳೆಯುತ್ತಿತ್ತು. "ಇಲ್ಲ. ನಾವು ಯಾರು ಅಂತ ಗೊತ್ತಾಗಿ ಬಾಗಲಾ ಹಾಕ್ಯಾರ" ಎಂದೆ.

"ನಾವು ಯಾರು?"

ಹೇಳಿದೆ. ಐದು ವರ್ಷದವಳಿಗೆ ತಿಳಿಯುವಷ್ಟು. ನಮ್ಮ ಮುತ್ತಜ್ಜಿ ಯಾವ ಬಾವಿಯ ನೀರು ಮುಟ್ಟುವಂತಿರಲಿಲ್ಲ, ನಮ್ಮ ಅಜ್ಜ ಯಾಕೆ ಬೌದ್ಧರಾದರು, ಯಾರು ಕೇಳಿದರೂ ನಾವು ಯಾಕೆ ನಮ್ಮದನ್ನೇ ಹೇಳಬೇಕು. ಅವಳು ಪೂರ್ತಿ ಕೇಳಿ, ಹಸಿವಾಗಿದೆ ಎಂದಳು. ಇಬ್ಬರೂ ಡಬ್ಬಿ ಬಿಚ್ಚಿ ಉಂಡೆವು.

ಆಮೇಲಿನ ದಿನಗಳು ಸುಖದ್ದಾಗಿರಲಿಲ್ಲ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಉಪಕೇಂದ್ರದ ತಗಡಿನ ಮಾಡಿನ ಕೋಣೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕರೆಂಟು ಹೋಗುತ್ತಿತ್ತು. ಔಷಧಿ ಡಬ್ಬಿಗಳ ಪಕ್ಕದ ಬೆಂಚಿನ ಮೇಲೆ ಮಗಳು ಬೆವರಿನಲ್ಲಿ ತೊಯ್ದು ಮಲಗುತ್ತಿದ್ದಳು, ನಾನು ಬಿಡುವಾದಾಗ ರಟ್ಟಿನಿಂದ ಗಾಳಿ ಹಾಕುತ್ತಿದ್ದೆ.

ಬಿಪಿ ಗುಳಿಗೆ ಕೊಡುವ ದಿನ ಬಂತು. ಎದುರು ಮನೆಯ ಆ ಹಿರಿಯ ಹೆಣ್ಣುಮಗಳಿಗೂ ಬಿಪಿ ಇದೆ, ಗುಳಿಗೆಗೆ ಅವರು ಬರಬೇಕಾದ್ದು ನನ್ನ ಹತ್ತಿರವೇ. ಉಳಿದವರೆಲ್ಲ ಹೋದ ಮೇಲೆ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ನಾನು ಆ ತೋಳನ್ನು ಹಿಡಿದು, ಸೆರಗು ಸರಿಸಿ, ಪಟ್ಟಿ ಸುತ್ತಿದೆ. ಅವರು ಬೆಂಚಿನ ಮೇಲೆ ಮಲಗಿದ್ದ ನನ್ನ ಮಗಳನ್ನೇ ನೋಡುತ್ತಿದ್ದರು.

"ಕೂಸು ಸೆಕೀಗಿ ಬೆಂದು ಹೋಗ್ಯಾದ, ಸಿಸ್ಟರ್" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ: "ನನಗೇನು ಇಲ್ರಿ. ಮನ್ಯಾಗ ಮಂದಿ ಒಪ್ಪಂಗಿಲ್ಲ. ಒಂದ್ ಕೆಲಸ ಮಾಡ್ರಿ, ಹಿತ್ತಲ ಬಾಗಲದಿಂದ ಕಳಸ್ರಿ. ಅಲ್ಲೇ ದನದ ಕೊಟ್ಟಿಗಿ ಬಾಜೂಕ ತಂಪದ. ಫ್ಯಾನ್ ಇಡಸ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಮಗಳ ಕತ್ತಿನ ಮಡಿಕೆಯಲ್ಲಿ ಕೆಂಪು ಗುಳ್ಳೆಗಳೆದ್ದಿದ್ದವು. ಅವರು ಮನಸ್ಸಿನಿಂದಲೇ ಹೇಳುತ್ತಿದ್ದಾರೆ ಎಂಬುದೂ ನನಗೆ ಕಾಣುತ್ತಿತ್ತು.

"ಮುಂದಿನ ಬಾಗಲಾ ತಗೀರಿ ಅವ್ವಾರ, ಅವತ್ತ ಕಳಸ್ತೀನಿ. ಅಲ್ಲೀತನ ನನ್ನ ಮಗಳು ಇಲ್ಲೇ ಇರ್ತಾಳ" ಎಂದೆ.

ಅವರು ಮತ್ತೇನೋ ಹೇಳಲು ಬಾಯಿ ತೆರೆದರು.

"ಮಾತಾಡಬ್ಯಾಡ್ರಿ" ಎಂದೆ. "ಕೈ ಸಡ್ಲ ಬಿಟ್ಟು ಕುಂದ್ರಿ. ಬಿಪಿ ನೋಡಾಕತ್ತೀನಿ."