ಟೈಲರಕ್ಕನ ಬೀಜದ ಕಾಯಿ

ಪಕ್ಕದ ಮನೆಯ ಟೈಲರಕ್ಕನ ನಾಲಿಗೆ ಎಷ್ಟು ಹರಿತವೆಂದರೆ, ಆಕೆ ಗದರಿದರೆ ಬಟ್ಟೆ ಹೆದರಿ ತಾನಾಗಿಯೇ ಎರಡು ತುಂಡಾಗುತ್ತಿತ್ತು. ಹಿತ್ತಲಿನ ದಪ್ಪ ಬೀನ್ಸ್ ಗಿಡಗಳ ಮುಂದೆ ಮಾತ್ರ ಆಕೆ ಬೆಣ್ಣೆ. ಚಳಿ ಶುರುವಾಗುವಾಗ ಬಿತ್ತಿ, ಗಾಳಿಗೆ ಬೀಳದಂತೆ ಕೋಲು ನೆಟ್ಟು, ಗಿಡಹೇನು ಹತ್ತುವ ಮೊದಲೇ ಕುಡಿ ಚಿವುಟುತ್ತಿದ್ದಳು. ಕಾಯಿ ಬಿಡಿಸಿದರೆ ಒಳಗೆ ಬಿಳಿ ಮಖಮಲ್ಲಿನ ಹಾಸಿಗೆ. ಅಷ್ಟು ಮೆತ್ತಗಿನದರ ಮೇಲೆ ನಮ್ಮ ವಂಶದಲ್ಲಿ ಯಾರೂ ಮಲಗಿದವರಲ್ಲ.

ಬೀಜ ಆಕೆಯ ತಾಯಿಯದು. ತಾಯಿಯದೆಂದು ಒಂದು ಫೋಟೋ ಕೂಡ ಇಲ್ಲ, ಉಳಿದದ್ದು ಇದೊಂದೇ. ಪ್ರತಿ ವರ್ಷ ಗಟ್ಟಿ ಗಿಡಗಳ ಬುಡದ ಕಾಯಿಗಳಿಗೆ ಕೆಂಪು ದಾರ ಕಟ್ಟಿ, ಕಪ್ಪಾಗಿ ಒಣಗುವ ತನಕ ಬಿಡುತ್ತಿದ್ದಳು. ಮುಟ್ಟಬೇಡಿ ಎಂದು ಅದರರ್ಥ. ಅಂಗಡಿಯಲ್ಲಿ ಅದೇ ದಾರ ಬಟ್ಟೆಗೆ ಕಟ್ಟಿದರೆ ಅರ್ಜೆಂಟು, ಮೊದಲು ಮುಗಿಸಿ ಎಂದರ್ಥ. ದಾರದ ಉಂಡೆ ಸದಾ ಸೊಂಟದಲ್ಲಿರುತ್ತಿದ್ದದ್ದರಿಂದ ಎರಡಕ್ಕೂ ಒಂದೇ.

ಆ ವರ್ಷ ಆಕೆ ಹಾಸಿಗೆ ಹಿಡಿದಳು. ಹಾಲಿಗೂ ಮುಖ ತಿರುಗಿಸಿದಳು. ಅಂಗಡಿ, ಅಡುಗೆ ಎರಡೂ ಸೊಸೆಯ ತಲೆಗೆ ಬಂತು. ಒಂದು ಮಧ್ಯಾಹ್ನ ಸೊಸೆ ಹಿತ್ತಲಿಗೆ ಹೋದಾಗ ಎಳೆ ಕಾಯೆಲ್ಲ ಮುಗಿದಿತ್ತು, ದಾರ ಕಟ್ಟಿದವಷ್ಟೇ ಇದ್ದವು. ಅತ್ತೆ ಇದನ್ನೇ ಮೊದಲು ಕೊಯ್ಯಲು ಗುರುತು ಮಾಡಿದ್ದಾರೆ ಎಂದುಕೊಂಡು ಒಂದೂ ಬಿಡದೆ ಕೊಯ್ದಳು. ಬಲಿತು ತೊಗಲಾದ ಬೀಜ. ಬೇಯಿಸುವಷ್ಟರಲ್ಲಿ ಕುಕ್ಕರಿಗೇ ಬೆವರು ಬಂತು.

ಟೈಲರಕ್ಕ ಬಟ್ಟಲು ಖಾಲಿ ಮಾಡಿದಳು.

ಸೊಸೆ ಅಂಗಡಿಗೆ ಹೋದ ಮೇಲೆ, ಟೈಲರಕ್ಕನ ಬಸ್ ಡ್ರೈವರ್ ಗಂಡ ಸಿಪ್ಪೆ, ದಾರ ಎರಡನ್ನೂ ಕೈಯಲ್ಲಿ ಹಿಡಿದು ಮಂಚದ ಬಳಿ ಬಂದ. ನಾನು ಅಲ್ಲೇ ಕೂತಿದ್ದೆ. ಅವನ ಮುಖ ಏರು ಹತ್ತಿದ ಎಂಜಿನ್ನಿನಂತೆ ಕಾದಿತ್ತು.

"ನಿಮ್ಮಮ್ಮನ ಬೀಜ ಕಣೆ. ಗೊತ್ತಾಗ್ಲಿಲ್ವಾ ನಿಂಗೆ?"

"ನೋಡಿದ ತಕ್ಷಣ ಗೊತ್ತಾಯ್ತು. ಬೆಂದಿದ್ದನ್ನ ವಾಪಸ್ ಗಿಡಕ್ಕೆ ಹೊಲಿಯೋಕಾಗುತ್ತಾ?" ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡಳು. "ನಾನು ತಿಂತೀನಾ ಅಂತ ಆ ಹುಡುಗಿ ಬಾಗಿಲಲ್ಲೇ ನಿಂತಿದ್ಳು ರೀ. ಅವಳಿಗೆ ಹೇಳ್ಬೇಡಿ."

ಮುಂದಿನ ಚಳಿಗೆ ಆಕೆ ಇರಲಿಲ್ಲ. ಗಂಡ ಮಾರ್ಕೆಟ್ಟಿನಿಂದ ಒಂದು ಪೊಟ್ಟಣ ಬೀನ್ಸ್ ಬೀಜ ತಂದು, ಆಕೆಯ ಬೀಜದ ಡಬ್ಬಿಗೆ ಸುರಿದು, ಪೊಟ್ಟಣವನ್ನು ಒಲೆಗೆ ಹಾಕಿದ. ಸೊಸೆ ಬಿತ್ತಿದಳು, ಬೆಳೆ ಜೋರಾಗಿ ಬಂತು. ಅತ್ತೆಯ ತಾಯಿಯ ಬೀಜ, ಜೋಪಾನ ಎಂದು ಕೇರಿಗೆಲ್ಲ ಹಂಚಿದಳು. ನನಗೂ ಒಂದು ಹಿಡಿ ಕೊಟ್ಟಳು. ಎರಡೂ ಕೈ ಒಡ್ಡಿ ತೆಗೆದುಕೊಂಡೆ.