ಒಂಟಿ ಗಾಲಿಯ ಮೇಲಿನ ಕನಿಕರ

ನಿಮ್ಮ ತಾತನಿಗೆ ಎತ್ತುಗಳ ಮೇಲೆ ಬಹಳ ಕನಿಕರ. ಆ ಕನಿಕರದಿಂದಲೇ ನಮ್ಮ ಆಟೋ ಎರಡು ಸಲ ಬಿತ್ತು.

ನಾನು ಮುಳಬಾಗಿಲು ಕಡೆಯಿಂದ ಯಲ್ದೂರಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮರುವರ್ಷ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ಮನೆಯಲ್ಲಿದ್ದ ಒಂದು ಜೊತೆ ಎತ್ತನ್ನು ಮಾರಿ ತಾತ ಮೂರು ಗಾಲಿಯ ಲಗೇಜ್ ಆಟೋ ತಂದರು. ಹಿಂದೆ ಎರಡು ಗಾಲಿ, ಸಾಮಾನು ಹಾಕುವ ತೊಟ್ಟಿ. ಮುಂದೆ ಒಂದು ಗಾಲಿ, ಹಿಡಿದು ತಿರುಗಿಸಲು ಹ್ಯಾಂಡಲ್. ಓಡಿಸುವವರ ಎಡಗಡೆ ಇನ್ನೊಬ್ಬರು ಮುದುಡಿಕೊಂಡು ಕೂರುವಷ್ಟು ಜಾಗ. ಊರಿನವರೆಲ್ಲ ಬಂದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಬಗ್ಗಿ ನೋಡಿದರು. ಒಬ್ಬ ಹಿರಿಯರು ಅದರ ಬೆನ್ನು ತಟ್ಟಿ, ಕೆಲಸಕ್ಕೆ ಆಗುತ್ತದೆ ಎಂದು ಹೇಳಿ ಹೋದರು.

ಆಟೋ ತಂದದ್ದು ಮಾವಿನಕಾಯಿಯನ್ನು ಶ್ರೀನಿವಾಸಪುರದ ಮಂಡಿಗೆ ಸಾಗಿಸಲು. ಗಾಡಿಗೆ ಹೇರುವ ವಿದ್ಯೆಯನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಭಾರ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತಿ ಹುಣ್ಣಾಗುತ್ತದೆ. ಅದಕ್ಕೇ ಒಳ್ಳೆಯ ರೈತ ಸ್ವಲ್ಪ ಹಿಂಭಾರವಾಗುವಂತೆಯೇ ಹೇರುತ್ತಾನೆ. ತಾತ ಒಳ್ಳೆಯ ರೈತರು. ಆಟೋದ ಮುಂದೆ ಎತ್ತು ಇಲ್ಲದಿದ್ದರೇನು, ಒಂದು ಗಾಲಿ ಇತ್ತಲ್ಲ, ಅದನ್ನು ನೋಡಿ ಅವರಿಗೆ ಅಯ್ಯೋ ಅನ್ನಿಸಿತು. ಹಿಂದಿನವು ಜೋಡಿ, ಹೊರಲಿ, ಮುಂದಿನದು ಪಾಪ ಒಂಟಿ ಎನ್ನುತ್ತ ಬುಟ್ಟಿಗಳನ್ನೆಲ್ಲ ತೊಟ್ಟಿಯ ಬಾಲದ ಕಡೆಗೇ ಒಟ್ಟಿದರು.

ಮೊದಲ ದಿನವೇ ಕೆರೆ ಏರಿಯ ಮೇಲೆ ಹತ್ತುವಾಗ ಆಟೋ ಹಿಂದಕ್ಕೆ ಕೂತು, ಒಂಟಿ ಗಾಲಿಯನ್ನು ಆಕಾಶಕ್ಕೆ ಎತ್ತಿತಂತೆ. ತಾತ ಹ್ಯಾಂಡಲ್ ಬಿಡದೆ ಸ್ವಲ್ಪ ಹೊತ್ತು ಮೇಲೆಯೇ ಇದ್ದರಂತೆ. ಆಮೇಲೆ ಆಟೋ ಪಕ್ಕಕ್ಕೆ ಮಗುಚಿತು. ಕಾಯಿಗಳು ಕೆರೆಗೆ ಉರುಳಿದವು. ತಾತನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಸಂಜೆ ನಮ್ಮ ಜಗುಲಿಯಲ್ಲಿ ಪಂಚಾಯಿತಿ ಸೇರಿತು. ಮೆಕ್ಯಾನಿಕ್ ಬಂದು ಗಾಲಿಗೆ ಗಾಳಿ ಹೆಚ್ಚಾಗಿದೆ ಎಂದ. ಅವನು ಹೋದ ಮೇಲೆ ಬಂದ ಇನ್ನೊಬ್ಬ ಕಡಿಮೆಯಾಗಿದೆ ಎಂದ. ಜೋಯಿಸರು ಗಾಲಿಗಳನ್ನು ಎಣಿಸಿ ನೋಡಿ, ಮೂರು ಎಂಬುದೇ ಒಳ್ಳೆಯದಲ್ಲ, ನಾಲ್ಕು ಮಾಡಿ ಎಂದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಎಲ್ಲಿಂದಲೋ ಹಳೆಯ ಲಾರಿ ಗಾಲಿಯೊಂದನ್ನು ತಂದು ಆಟೋಗೆ ಕಟ್ಟಿದರು. ಎಲ್ಲಿ ಕಟ್ಟಿದರು ಅಂತೀರಿ? ಬಾಲಕ್ಕೆ.

ನಾಲ್ಕು ಗಾಲಿಯಾದ ಆಟೋ ಮರುವಾರವೇ, ಕೆರೆ ಏರಿಯನ್ನು ಹೇಗೋ ದಾಟಿ, ಶ್ರೀನಿವಾಸಪುರದ ಹತ್ತಿರದ ತಿರುವಿನಲ್ಲಿ ಎರಡನೇ ಸಲ ಬಿತ್ತು. ತಾತ ಹ್ಯಾಂಡಲ್ ತಿರುಗಿಸಿದರು, ಹ್ಯಾಂಡಲ್ ತಿರುಗಿತು, ಆಟೋ ಮಾತ್ರ ನೆಟ್ಟಗೆ ಹೋಗಿ ಹಳ್ಳಕ್ಕೆ ಇಳಿಯಿತು. ಮುಂದಿನ ಗಾಲಿ ನೆಲವನ್ನು ಸರಿಯಾಗಿ ಮುಟ್ಟಿದ್ದರೆ ತಾನೇ ಆಟೋ ತಿರುಗುವುದು.

ಆ ದಿನ ನಮ್ಮ ಮಾವ, ಅಂದರೆ ನಿಮ್ಮ ಮುತ್ತಾತ, ಊಟದ ತಟ್ಟೆಯ ಮುಂದೆ ಕೂತು ತೀರ್ಪು ಕೊಟ್ಟರು. "ಇನ್ನೊಂದ್ಸಲ ಬಿದ್ರೆ ಇದನ್ನ ಮಾರಿ ಎತ್ತು ತಂದು ಕಟ್ತೀನಿ ಕಣೋ. ಎತ್ತು ಬಿದ್ರೆ ತಾನೇ ಎದ್ದೇಳ್ತದೆ. ಇದನ್ನ ಎಬ್ಬಿಸೋಕೆ ಅರ್ಧ ಊರು ಬೇಕು."

ಅಪ್ಪನ ಮಾತು ಕೇಳದೆ ತಾತ ಮಾಡಿದ ಒಂದೇ ಕೆಲಸ ಆ ಆಟೋ. ಅದು ಹೋದರೆ ಮತ್ತೆಂದೂ ಮನೆಯಲ್ಲಿ ಅವರ ಮಾತು ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರನೇ ಹೇರಿನ ದಿನ ನಾನು ತವರಿಗೆ ಹೋಗಬೇಕಿತ್ತು, ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಶ್ರೀನಿವಾಸಪುರದಲ್ಲಿ ಮುಳಬಾಗಿಲಿನ ಬಸ್ಸು ಹತ್ತಿಸುವುದಾಗಿ ತಾತ ಹೇಳಿದರು. ಬೇರೆ ಯಾರೂ ಆ ಆಟೋ ಹತ್ತುತ್ತಿರಲಿಲ್ಲ, ಜಾಗಕ್ಕೆ ಕೊರತೆಯಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಬಟ್ಟೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಗ ನಾನು ಈಗಿನ ಹಾಗೆ ಇರಲಿಲ್ಲ, ಮೈ ಕೈ ತುಂಬಿಕೊಂಡಿದ್ದೆ. ಕೆರೆ ಏರಿ ಬಂತು, ಆಟೋ ಹತ್ತಿತು. ತಿರುವು ಬಂತು, ಆಟೋ ತಿರುಗಿತು. ಮಂಡಿಯ ಮುಂದೆ ನಿಲ್ಲಿಸಿ ತಾತ ಇಳಿದರು, ಆಟೋವನ್ನು ಒಂದು ಸುತ್ತು ಹಾಕಿದರು, ಆಮೇಲೆ ನನ್ನ ಪಾದಗಳನ್ನೇ ನೋಡುತ್ತ ನಿಂತರು.

ನನ್ನ ಕಾಲ್ಗುಣ ಎಂದು ತೀರ್ಮಾನವಾಗಿತ್ತು. ನಾನು ತವರಿನಿಂದ ಹಿಂದಿರುಗುವ ಹೊತ್ತಿಗೆ ಸುದ್ದಿ ಊರಿಗೆಲ್ಲ ತಿಳಿದು, ಆಟೋ ಹೇರಿಕೊಂಡು ಹೊರಟಾಗಲೆಲ್ಲ ಸೊಸೆ ಜೊತೆಗಿರಬೇಕು ಎಂದು ಮಾವ ಅಪ್ಪಣೆ ಮಾಡಿದ್ದರು.

ನನಗೆ ನಿಜ ಏನೆಂದು ಮೊದಲ ದಿನವೇ ಗೊತ್ತಾಗಿತ್ತು. ನಮ್ಮ ತವರಿನ ಬಾವಿಗೆ ನೀರೆತ್ತುವ ಏತವಿತ್ತು. ಆಳು ಏತದ ಮರದ ಮೇಲೆ ಹಿಂದಕ್ಕೆ ನಡೆದರೆ ಬಾವಿಯ ಕಡೆಯ ತುದಿ ಏಳುತ್ತಿತ್ತು, ಮುಂದಕ್ಕೆ ಬಂದರೆ ಇಳಿಯುತ್ತಿತ್ತು. ಅದನ್ನು ನೋಡುತ್ತ ಬೆಳೆದವಳಿಗೆ ಆಟೋ ದೊಡ್ಡ ಒಗಟಲ್ಲ. ಒಂದು ಸಲ ದಾರಿಯಲ್ಲಿ ಧೈರ್ಯ ಮಾಡಿ, ಬುಟ್ಟಿಗಳನ್ನು ಒಂದು ಮೊಳ ಮುಂದಕ್ಕೆ ಜರುಗಿಸಿದರೆ ಸಾಕೇನೋ ಎಂದೆ. ತಾತ ಆಟೋ ನಿಲ್ಲಿಸಿಯೇಬಿಟ್ಟರು. "ಆ ಒಂಟಿ ಗಾಲಿ ಮೇಲೆ ಹೇರೋಕೆ ನಿಂಗೆ ಮನಸ್ಸಾದ್ರೂ ಹೆಂಗ್ ಬರ್ತದೆ?" ಎಂದು ಕೇಳಿದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಎತ್ತದೆ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಈಗ ಹೇಳಿದರೆ ಬಯ್ಯುವವರು ಯಾರೂ ಉಳಿದಿಲ್ಲ. ನನಗೆ ಆ ಜಾಗ ಇಷ್ಟವಾಗಿತ್ತು. ಒಲೆ, ಹಟ್ಟಿ, ಬಾವಿ ಬಿಟ್ಟು ಬೇರೆ ಕಡೆ ಹೆಂಗಸು ಸುಮ್ಮನೆ ಕೂತಿದ್ದರೂ ಅದು ಕೆಲಸ ಎನಿಸಿಕೊಂಡದ್ದು ಅಲ್ಲಿ ಮಾತ್ರ. ಸುಗಟೂರಿನಿಂದ ಟೊಮೇಟೊ ಹೇರಿಕೊಂಡು ಕೋಲಾರಕ್ಕೆ ಹೋದೆ, ಹೆಂಚು ತರಲು ಮಾಲೂರಿಗೆ ಹೋದೆ, ಮುಳಬಾಗಿಲಿಗಂತೂ ಲೆಕ್ಕವಿಲ್ಲ. ಎಲ್ಲಿಯೂ ಕೆಳಗಿಳಿಯುತ್ತಿರಲಿಲ್ಲ. ತಾತ ಹೋಟೆಲಿನಿಂದ ಕಾಫಿಯ ಲೋಟ ತಂದು ಕೈಗೆ ಕೊಡುತ್ತಿದ್ದರು, ಸೆರಗಿನ ಮರೆಯಲ್ಲಿ ಕುಡಿಯುತ್ತಿದ್ದೆ. ಈಗಲೂ ಆ ಊರುಗಳ ರಸ್ತೆಗಳಲ್ಲಿ ಎಡಗಡೆಯ ಅಂಗಡಿಗಳು ಮಾತ್ರ ನನಗೆ ಗೊತ್ತು.

ಮುಂದಿನ ವರ್ಷ ಮಾವಿನ ಸುಗ್ಗಿ ಶುರುವಾದಾಗ ನಿಮ್ಮಮ್ಮ ನನ್ನ ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಬಸುರಿಯನ್ನು ಆ ಗುಂಡಿ ದಾರಿಯಲ್ಲಿ ಕಳಿಸುವುದಿಲ್ಲ ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಹೊರಗೆ ಆಟೋ ತುಂಬಿ ನಿಂತಿತ್ತು, ಎಂದಿನಂತೆ ಬಾಲದ ಕಡೆಗೆ. ನಾನಿಲ್ಲದೆ ಹೊರಟರೆ ಅದು ಕೆರೆ ಏರಿ ದಾಟಿದರೂ ತಿರುವು ದಾಟುವುದಿಲ್ಲ. ಬಿದ್ದರೆ ಅದು ಮೂರನೇ ಸಲ. ತಾತ ಹ್ಯಾಂಡಲ್ ಹಿಡಿದು ಕೂತಿದ್ದರು. ಅವರ ಮುಖ ನೋಡಲಾಗಲಿಲ್ಲ.

ಮದುವೆಯಾಗಿ ಬಂದಾಗಿನಿಂದ ನಾನು ಮಾವನ ಎದುರು ನಿಂತು ಮಾತಾಡಿದವಳಲ್ಲ. ಬಾಗಿಲ ಹಿಂದೆ ನಿಂತೇ ಹೇಳಿದೆ, "ಮಾವ, ಇದು ಕಾಲ್ಗುಣ ಅಲ್ಲ. ಮುಂದೆ ಭಾರ ಬೇಕು, ಅಷ್ಟೇ."

ಜಗುಲಿಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಮಾವ ಬಾಗಿಲನ್ನು ನೋಡುತ್ತ, "ಅಂದ್ರೆ ನಿನ್ನ ಜಾಗದಲ್ಲಿ ಯಾರ್ ಕೂತ್ರೂ ಆಗ್ತದಾ ಅಮ್ಮಾಯಿ?" ಎಂದರು.

"ಯಾರಾದ್ರೂ ಆಗ್ತದೆ. ಕಲ್ಲಾದ್ರೂ ಆಗ್ತದೆ."

ಯಾರಾದರೂ ಎಂದ ಕೂಡಲೇ ಜಗುಲಿಯಲ್ಲಿದ್ದವರೆಲ್ಲ ಹೊಲದ ಕೆಲಸ ನೆನಪಾಗಿ ಎದ್ದರು. ಮಾವ ಮಾತ್ರ ಯೋಚನೆ ಮಾಡಿದರು. ನಾನು ಹೇಳಿದ್ದನ್ನು ಕೇಳಿಸಿಕೊಂಡು, ತಮಗೆ ಬೇಕಾದ್ದನ್ನು ಅರ್ಥ ಮಾಡಿಕೊಂಡರು. ಮದುವೆಯಲ್ಲಿ ನನ್ನ ತವರಿನವರು ಒಂದು ಒರಳುಕಲ್ಲು ಕೊಟ್ಟಿದ್ದರು. ಸೊಸೆಯ ಜೊತೆ ಬಂದ ಕಲ್ಲಿಗೆ ಸೊಸೆಯ ಗುಣ ಇಲ್ಲದೆ ಇರುತ್ತದೆಯೇ? ನಾಲ್ಕು ಜನ ಹಿತ್ತಲಿನಿಂದ ಅದನ್ನು ಎತ್ತಿ ತಂದು ನನ್ನ ಜಾಗದಲ್ಲಿ ಕೂರಿಸಿ ಹಗ್ಗ ಬಿಗಿದರು. ಅತ್ತೆ ಕುಂಕುಮ ಇಟ್ಟರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಟೋ ಹೋಯಿತು, ಹತ್ತಿತು, ತಿರುಗಿತು, ಬರಿದಾಗಿ ಹಿಂದಿರುಗಿತು. ತಾತ ಆ ದಿನ ಎರಡು ಮುದ್ದೆ ಉಂಡರು.

ಕೋಲಾರದ ಸೀಮೆಯಲ್ಲಿ ಕಲ್ಲಿಗೇನು ಬರ. ಹೊಲಕ್ಕೊಂದು ಬಂಡೆ, ದಾರಿಗೊಂದು ಗುಡ್ಡ. ಬೇರೆ ಯಾವ ಕಲ್ಲಾದರೂ ನಡೆಯುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ನನಗೊಬ್ಬಳಿಗೆ. ನಾನು ಹೇಳಲಿಲ್ಲ.

ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಮಗುವನ್ನೆತ್ತಿಕೊಂಡು ಬಂದಾಗ ಆಟೋ ಮನೆಯ ಮುಂದೆಯೇ ನಿಂತಿತ್ತು. ಕಲ್ಲು ನನ್ನ ಜಾಗದಲ್ಲಿ ಕನಕಾಂಬರದ ದಂಡೆ ಮುಡಿದುಕೊಂಡು ಕೂತಿತ್ತು. ಒಂದು ವರ್ಷ ನಾನು ಅಲ್ಲಿ ಕೂತಾಗ ಯಾರೂ ಹೂ ಮುಡಿಸಿರಲಿಲ್ಲ. ಇನ್ನು ಸೊಸೆ ತಿರುಗುವುದು ಬೇಡ, ಕಲ್ಲು ಚೆನ್ನಾಗಿ ನಡೆಸಿಕೊಂಡು ಹೋಗುತ್ತಿದೆ ಎಂದು ಮಾವ ಹೇಳಿದರು.

ಆದರೆ ಅಷ್ಟು ತಿಂಗಳು ಮನೆಯಲ್ಲಿ ಮಸಾಲೆ ರುಬ್ಬಲು ಕಲ್ಲಿರಲಿಲ್ಲ. ಅತ್ತೆ ಪಕ್ಕದ ಮನೆಯ ಒರಳಿನಲ್ಲಿ, ಅವರ ಕೆಲಸ ಮುಗಿಯುವವರೆಗೆ ಕಾದು, ಅವಸರದಲ್ಲಿ ಒರಟೊರಟಾಗಿ ರುಬ್ಬಿ ತರುತ್ತಿದ್ದರು. ಒಂದು ಮಧ್ಯಾಹ್ನ ಮಾವ ಬಸ್ಸಾರಿಗೆ ಮುದ್ದೆ ಅದ್ದಿ ಬಾಯಿಗಿಟ್ಟು, ಹಲ್ಲಿಗೆ ಸಿಕ್ಕಿದ ಕೊತ್ತಂಬರಿ ಬೀಜವನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟರು. ಸಾರಿಗೆ ಏನು ಬಂದಿದೆ ಎಂದು ಕೇಳಿದರು.

"ನಿಮ್ಮ ಕಲ್ಲು ಕೋಲಾರ, ಮಾಲೂರು ಅಂತ ಊರು ಸುತ್ತುತಾ ಐತೆ" ಎಂದರು ಅತ್ತೆ. "ಅದು ಮನೇಲಿದ್ರೆ ಸಾರೂ ಮನೇಲಿರ್ತದೆ."

ಮಾವ ತಟ್ಟೆ ನೋಡಿದರು, ಹೊರಗಿದ್ದ ಆಟೋ ನೋಡಿದರು. ಬಾಗಿಲ ಹಿಂದಿನಿಂದ ನಾನು ಎರಡನೇ ಸಲ ಮಾತಾಡಿದೆ. "ಕಲ್ಲು ಇಳಿಸ್ಕೊಳ್ಳಿ ಮಾವ. ನಾನೇ ಕೂತ್ಕೋತೀನಿ."

"ಮಗೂನ ಏನ್ ಮಾಡ್ತೀಯ?"

"ಮಡಿಲಲ್ಲಿ ಇರ್ತದೆ. ಭಾರ ಇನ್ನೂ ಒಳ್ಳೇದು."

ಮರುದಿನ ಬೆಳಿಗ್ಗೆ ಕಲ್ಲು ಹಿತ್ತಲಿಗೆ ಹೋಯಿತು, ನಾನು ಆಟೋ ಹತ್ತಿದೆ. ನಿಮ್ಮಮ್ಮ ಕಣ್ಣು ಬಿಟ್ಟು ನೋಡಿದ ಮೊದಲ ಪೇಟೆ ಶ್ರೀನಿವಾಸಪುರ. ಅವಳೂ ನೋಡಿದ್ದು ಎಡಗಡೆಯನ್ನೇ.